ಸಾಷ್ಟಿಯ ಗಂಜಿಗೆ ಬಿದ್ದ ಉಪ್ಪು

ಹೋಗುವಾಗ ಎಷ್ಟು ಭಾರವೋ ಬರುವಾಗಲೂ ಅಷ್ಟೇ ಭಾರವಿರಬೇಕು. ಕಾಲಯಾನದ ಬಗ್ಗೆ ನನಗೆ ಪೂರ್ತಿ ಅರ್ಥವಾದ ನಿಯಮ ಇದೊಂದೇ. ಉಳಿದದ್ದೆಲ್ಲ ಗಣಿತ, ಅದು ಶಾಂತೇರಿ ಅಕ್ಕನ ತಲೆನೋವು.

ಕಾಳಿ ನದಿ ಸಮುದ್ರ ಸೇರುವಲ್ಲಿ, ಕಾರವಾರದ ಹೊರಗೆ, ಗುಡ್ಡಕ್ಕೆ ಒತ್ತಿಕೊಂಡಂತಿರುವ ನಮ್ಮ ಕೇಂದ್ರವನ್ನು ದೂರದಿಂದ ನೋಡಿದವರು ಐಸ್ ಕಾರ್ಖಾನೆ ಎಂದುಕೊಳ್ಳುತ್ತಾರೆ. ಒಳಗಿರುವ ಯಂತ್ರ ಒಬ್ಬ ಮನುಷ್ಯನನ್ನು ನಾನೂರು, ಐನೂರು ವರ್ಷ ಹಿಂದಕ್ಕೆ, ಜೊತೆಗೆ ಎರಡು ದಿನದ ನಡಿಗೆಯಷ್ಟು ಆಚೀಚೆಗೆ ಎಸೆಯಬಲ್ಲದು. ಸಂಜೆಯೊಳಗೆ ತಾನಾಗಿ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆದರೆ ಎಳೆದುಕೊಳ್ಳುವುದು ತೂಕವನ್ನು ನೋಡಿ. ಮೊದಮೊದಲು ಕಳಿಸಿದ ಒಂದು ಆಡು ಆ ಕಾಲದ ಹಸಿರು ಹುಲ್ಲನ್ನು ಆಸೆಬುರುಕತನದಿಂದ ಮೇಯ್ದು, ಭಾರವಾಗಿ, ಒಂದು ವಾರ ತಡವಾಗಿ ಬಂದು ಛಾವಣಿಯ ಮೇಲೆ ನಿಂತಿತ್ತು. ಇನ್ನೊಂದು ಆಡು ಅಲ್ಲಿ ಮರಿ ಹಾಕಿ ಹಗುರವಾಯಿತು. ಅದು ಬರಲೇ ಇಲ್ಲ.

ಆದ್ದರಿಂದ ನಾವು ಉಪ್ಪು ಹೊತ್ತು ಹೋಗುತ್ತೇವೆ. ಕಲ್ಲುಪ್ಪು. ಅಲ್ಲಿ ಏನಾದರೂ ತಿಂದರೆ, ಕುಡಿದರೆ, ತಿಂದಷ್ಟು ಉಪ್ಪನ್ನು ಅಲ್ಲೇ ಸುರಿದು ಬರುವುದು. ಅಲ್ಲಿಯ ವಸ್ತುವನ್ನು ಕೈಯಲ್ಲಿ ಹಿಡಿದು ತರಲಾಗುವುದಿಲ್ಲ. ತಾನು ಕಳಿಸದ ಯಾವುದನ್ನೂ ಯಂತ್ರ ಗುರುತಿಸುವುದಿಲ್ಲ. ಹೊಟ್ಟೆಗೆ ಹೋದದ್ದನ್ನು ಮಾತ್ರ ನಮ್ಮದೇ ಮೈ ಎಂದು ಲೆಕ್ಕ ಹಿಡಿಯುತ್ತದೆ. ಉಪ್ಪಿನ ಚೀಲ ಹೇಗೂ ಬೇಕು, ಅದನ್ನೇ ವೇಷ ಮಾಡಿದರಾಯಿತು ಎಂದು ನನ್ನನ್ನು ಉಪ್ಪು ಮಾರುವವಳನ್ನಾಗಿ ಮಾಡಿದರು.

ಅಜ್ಜಿಗೆ ಇದು ಒಗಟು. "ಬಾಯೇ, ಎಂ.ಎ. ಓದಿಸಿದ್ದು ಉಪ್ಪು ಮಾರ್ಲಿಕ್ಕಾ?" ಎಂದು ದಿನಾ ಬೆಳಿಗ್ಗೆ ಕೇಳುತ್ತಾಳೆ. ನಮ್ಮ ಕೊಂಕಣಿಯಲ್ಲಿ ಬಾಯೇ ಎಂದರೆ ಮಗಳೇ ಎಂದ ಹಾಗೆ.

"ಮಾರುವುದಲ್ಲ ಅಜ್ಜಿ, ಕೇಳುವುದು. ಹಳೆಯ ಕಾಲದ ಹೆಂಗಸರು ಹೇಗೆ ಮಾತಾಡ್ತಿದ್ರು ಅಂತ ಕೇಳಿಸಿಕೊಂಡು ಬರುವುದು."

"ಹೌದು ಹೌದು, ಮಾತಾಡುವ ಕೆಲಸ ನಿನಗೆ ಯಾರು ಕೊಡ್ತಾರೆ!"

ಅದು ನಿಜ. ಈ ಕೆಲಸಕ್ಕೆ ಬಂದ ದಿನ ಶಾಂತೇರಿ ಅಕ್ಕ ಎದುರು ಕೂರಿಸಿಕೊಂಡು ಏನೇನೋ ಕೇಳಿದ್ದರು. ನಾನು ಮೇಜಿನ ಅಂಚು ನೋಡುತ್ತ ಹೌದು, ಅಲ್ಲ ಎಂದಷ್ಟೇ ಹೇಳಿದ್ದೆ. ಮನೆಗೆ ಬಂದು ಹೇಳಬೇಕಿದ್ದ ಉತ್ತರಗಳನ್ನೆಲ್ಲ ದಿನಚರಿಯಲ್ಲಿ ಬರೆದು ಅತ್ತಿದ್ದೆ. ಮರುದಿನ ಅವರೇ ಫೋನು ಮಾಡಿದರು. "ಒಲಿಂಡಾ ರೆಬೆಲೊ ಅಲ್ವಾ? ನಾಳೆಯಿಂದ ಬಾ ಮಾರಾಯ್ತಿ. ಅಲ್ಲಿ ಹೋಗಿ ಬಾಯಿ ಬಿಡದೆ ಕೂರುವವರು ನಮಗೆ ಎಲ್ಲೂ ಸಿಕ್ತಿಲ್ಲ."

ಬಾಯಿ ಬಿಡುವಂತಿರಲಿಲ್ಲ. ನಮ್ಮ ಇಂದಿನ ಕೊಂಕಣಿ ಅವರ ಕಿವಿಗೆ ಬಿದ್ದರೆ ಇವಳು ಯಾವ ದೇಶದವಳು ಎಂದು ಹಿಡಿದು ಕೇಳುತ್ತಿದ್ದರು. ಹೋಗುವ ಜಾಗವಾದರೂ ಎಂಥದು? ಗೋವೆಯ ಸಾಷ್ಟಿ ಸೀಮೆ, ಸಾವಿರದ ಐನೂರ ಅರವತ್ತರ ದಶಕ. ಪೋರ್ಚುಗೀಸ್ ಪರಂಗಿಗಳು ಗುಡಿಗಳನ್ನು ಒಡೆಯುತ್ತಿದ್ದ, ಊರಿಗೂರೇ ಪಾದ್ರಿಯಿಂದ ತಲೆಗೆ ನೀರು ಹಾಕಿಸಿಕೊಂಡು, ಕಿರಿಸ್ತಾವರಾಗಿ ಹೆಸರು ಬದಲಿಸುತ್ತಿದ್ದ, ಒಪ್ಪದವರು ದೇವರನ್ನು ಬುಟ್ಟಿಯಲ್ಲಿಟ್ಟುಕೊಂಡು ನದಿ ದಾಟಿ ದಕ್ಷಿಣಕ್ಕೆ ಓಡುತ್ತಿದ್ದ ಕಾಲ. ಓಡಿ ಬಂದವರ ಪೈಕಿ ಶಾಂತೇರಿ ಅಕ್ಕನ ಗಂಡನ ಮನೆಯ ಹಿರಿಯರೂ ಇದ್ದರು. ಅಲ್ಲೇ ಉಳಿದು, ಮತ್ತೆಂದೋ ಬೇರೆ ಕಷ್ಟಕ್ಕೆ ಇತ್ತ ಬಂದವರು ನಮ್ಮ ಹಿರಿಯರು. ಈಗ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಇಬ್ಬರೂ ಡಬ್ಬಿ ಬಿಚ್ಚುತ್ತೇವೆ.

"ನಿಮ್ಮವರು ಅನ್ನಕ್ಕೆ ಉಪ್ಪು ಯಾಕೆ ಹಾಕ್ತೀರಿ ಅಂತ ನನಗೆ ಇಷ್ಟು ವರ್ಷವೂ ಅರ್ಥ ಆಗ್ಲಿಲ್ಲ ನೋಡು" ಎನ್ನುತ್ತಾರೆ ಶಾಂತೇರಿ ಅಕ್ಕ, ನನ್ನ ಡಬ್ಬಿಯಿಂದಲೇ ಒಂದು ತುತ್ತು ತೆಗೆಯುತ್ತ.

"ನಿಮ್ಮವರು ಯಾಕೆ ಹಾಕುವುದಿಲ್ಲ?"

"ದೇವರಿಗೆ ಮೊದಲು ಇಡ್ಬೇಕಲ್ಲ. ಉಪ್ಪು ಬಿದ್ದ ಅನ್ನ ದೇವರಿಗೆ ಆಗುವುದಿಲ್ಲ."

ನಮ್ಮಿಬ್ಬರ ನಡುವೆ ಉಳಿದಿದ್ದ ಜಗಳ ಅಷ್ಟೇ.

*

ಸಾಷ್ಟಿಯ ಒಂದು ಮನೆಗೆ ನಾನು ಅದಾಗಲೇ ಎರಡು ಸಲ ಹೋಗಿದ್ದೆ. ಮುಡಿಯೊಳಗೆ ಕಡಲೆಕಾಳಿನಷ್ಟು ಸಣ್ಣ ಧ್ವನಿಯಂತ್ರ, ಒರಟು ಸೀರೆ, ತಲೆಯ ಮೇಲೆ ಒಂದೆರಡು ಸೇರು ಹಿಡಿಯುವ ಉಪ್ಪಿನ ಚೀಲ. ಜಗಲಿಯಲ್ಲಿ ಕುಳಿತರೆ ಮಾತು ತಾನಾಗಿ ಬಂದು ಬೀಳುತ್ತಿತ್ತು. ಹಿರಿ ಸೊಸೆ ಭಾಗಿ, ದೊಡ್ಡ ಬಾಯಿಯ, ದೊಡ್ಡ ನಗೆಯ ಹೆಂಗಸು. ಗಂಡ ನೆಲ ಬಿಡಲಾರದೆ ನೀರು ಹಾಕಿಸಿಕೊಂಡಾಗ ಅವಳೂ ಹಾಕಿಸಿಕೊಂಡಿದ್ದಳು. ಅವಳಿಗೆ ಇಟ್ಟ ಹೊಸ ಹೆಸರು ಕತರೀನ. ಅದನ್ನು ಅವಳೇ ಒಂದೊಂದು ಸಲ ಒಂದೊಂದು ಥರ ಹೇಳುತ್ತಿದ್ದಳು. ಕಿರಿ ಸೊಸೆ ನಾಗಿ ತುಂಬಿದ ಬಸುರಿ. ಅವಳ ಗಂಡ ಮನೆದೇವರನ್ನು ಹೊತ್ತು ಮೊದಲೇ ನದಿಯಾಚೆಗೆ ಹೋಗಿದ್ದ. ಅವಳು ನೀರು ಹಾಕಿಸಿಕೊಂಡಿರಲಿಲ್ಲ. ಊರಿನ ಲೆಕ್ಕದಲ್ಲಿ ಅವಳೂ ಗಂಡನ ಜೊತೆ ಓಡಿಹೋದವಳು. ಆದರೆ ನಿಜವಾಗಿ ಭಾಗಿಯ ಅಡುಗೆಮನೆಯ ಹಿಂದೆ, ಭತ್ತದ ಕಣಜದ ಮರೆಯಲ್ಲಿ ಇದ್ದಳು, ದೋಣಿ ಬರುವ ದಿನ ಕಾಯುತ್ತ. ಸಿಕ್ಕಿಬಿದ್ದರೆ ಅವಳಿಗೂ ಸೆರೆ, ಬಚ್ಚಿಟ್ಟ ಭಾಗಿಗೂ ಸೆರೆ.

ಉಪ್ಪಿನವಳು ಮೂಕಿ ಎಂದು ಭಾಗಿ ಮೊದಲ ದಿನವೇ ತೀರ್ಮಾನಿಸಿದ್ದಳು. "ಪಾಪ, ಇವಳ ಮುಂದೆ ಏನು ಹೇಳಿದರೂ ಎಲ್ಲಿಗೂ ಹೋಗುವುದಿಲ್ಲ" ಎಂದು ಎಲ್ಲವನ್ನೂ ಹೇಳುತ್ತಿದ್ದಳು. ಊಟ ಮಾಡಿಸದೆ ಬಿಡುತ್ತಿರಲಿಲ್ಲ. ಅವರ ಕೊಂಕಣಿ ನನ್ನ ಅಜ್ಜಿಯ ಕೊಂಕಣಿಯ ಅಜ್ಜಿಯಂತಿತ್ತು. ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೂರನೆಯ ಸಲ ಹೊರಡುವ ಮೊದಲು ಶಾಂತೇರಿ ಅಕ್ಕ ನನ್ನನ್ನು ತೂಕದ ಕಟ್ಟೆಯ ಮೇಲೆ ನಿಲ್ಲಿಸಿ ಹೇಳಿದರು, "ಇದೇ ಕಡೇ ಸಲ. ಈ ಬಾಗಿಲು ಮುಚ್ಚಿದರೆ ಆ ಮನೆಯ ಹತ್ತಿರಕ್ಕೆ ಮತ್ತೆ ತೆರೆಯುವುದಿಲ್ಲ. ಲಾಲಿ ಹಾಡು ಸಿಕ್ಕಿದರೆ ತಾ. ಏನಕ್ಕೂ ಕೈ ಹಾಕ್ಬೇಡ, ಆಯ್ತಾ?"

"ದೋಣಿ ಇವತ್ತೇ ಬರುವುದಂತೆ ಅಕ್ಕ."

"ಬಂದರೆ ನೋಡಿಕೊಂಡು ಬಾ" ಎಂದರು ಅವರು. ಆಮೇಲೆ ಚೀಲದ ಗಂಟನ್ನು ತಾವೇ ಬಿಗಿದರು. ಸರಿಯಾಗಿ ಬಿಗಿಯಲಿಲ್ಲ ಎಂದು ಈಗ ಗೊತ್ತು.

*

ಹೋದಾಗ ಭಾಗಿ ಇಗರ್ಜಿಯಲ್ಲಿ ಪಾದ್ರಿಯ ಪೂಜೆ ಮುಗಿಸಿ ಆಗತಾನೆ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದಳು. ಒಳಗೆ ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಸುಮ್ಮನೆ ಕೂರಲಾರದೆ ನಾಗಿ ತಾನೇ ಒಲೆ ಹೂಡಿದ್ದಳು. ಅವಳ ಪ್ರಯಾಣಕ್ಕೆಂದು ಬಾಳೆಲೆಯಲ್ಲಿ ಕಟ್ಟಿದ ಅವಲಕ್ಕಿಯ ಗಂಟು ಮೂಲೆಯಲ್ಲಿತ್ತು.

"ಬಂದೆಯಾ ಮೂಕಿ? ಕೂತ್ಕೋ, ಕೂತ್ಕೋ" ಎಂದಳು ಭಾಗಿ ಒಳಗೆ ಬರುತ್ತ. "ನಾಗಿ, ನೀನ್ಯಾಕೆ ಎದ್ದೆ? ಹೊಟ್ಟೆ ನೋಡು, ನಿನಗಿಂತ ಮೊದಲು ಅದು ಬಾಗಿಲು ದಾಟ್ತದೆ."

"ನಿನ್ನ ಅಡುಗೆ ತಿಂದು ಮಗು ಒಳಗೇ ಜಗಳ ತೆಗೀತಿದೆ ಅಕ್ಕ. ಕೊನೇ ದಿನವಾದರೂ ನನ್ನ ಕೈ ಗಂಜಿ ಕುಡೀಲಿ."

"ನನ್ನ ಅಡುಗೆಗೆ ಏನಾಗಿದೆಯೇ?"

"ಏನೂ ಆಗಿಲ್ಲ. ಅದೇ ತೊಂದರೆ. ಯಾವ ದಿನವೂ ಏನೂ ಆಗುವುದಿಲ್ಲ."

ಇಬ್ಬರೂ ನಗುತ್ತಿರುವಾಗಲೇ ಹೊರಗೆ ನಾಯಿ ಬೊಗಳಿತು. ಭಾಗಿ ಕಿಂಡಿಯಿಂದ ಇಣುಕಿದವಳು ಬಿಳಿಚಿಕೊಂಡಳು. ಗದ್ದೆಯ ಬದುವಿನ ಮೇಲೆ ಇಬ್ಬರು ಬರುತ್ತಿದ್ದರು. ಮುಂದೆ ಊರ ಕಾವಲಿನ ದಾಮು, ಈಗ ದೊಮಿಂಗ. ಹಿಂದೆ ಬೆವರು ಒರೆಸಿಕೊಳ್ಳುತ್ತ ಒಬ್ಬ ಪರಂಗಿ ಸಿಪಾಯಿ. ಹೊಸದಾಗಿ ನೀರು ಹಾಕಿಸಿಕೊಂಡವರು ಒಳಗೊಳಗೆ ಹಳೆಯ ಪೂಜೆ ನಡೆಸುತ್ತಿದ್ದಾರೋ ಎಂದು ತಿಳಿಯಲು ಆ ಊರಿನಲ್ಲಿ ಊಟದ ಹೊತ್ತಿಗೆ ಬಂದು ಗಡಿಗೆಯ ಮುಚ್ಚಳ ತೆಗೆದು ರುಚಿ ನೋಡುತ್ತಿದ್ದರು. ಉಪ್ಪಿದ್ದರೆ ಹೊಸಬರ ಅನ್ನ. ಉಪ್ಪಿಲ್ಲದಿದ್ದರೆ ದೇವರಿಗೆ ಎತ್ತಿಟ್ಟ ಅನ್ನ.

ನಾಗಿ ಕಣಜದ ಹಿಂದೆ ಸರಿದಳು. ಭಾಗಿ ಬಾಗಿಲಿಗೆ ಹೋದಳು. ನಾನು ಗಡಿಗೆಯನ್ನು ನೋಡಿದೆ. ಆಗ ಕಣಜದ ಹಿಂದಿನಿಂದ ಸಣ್ಣ ಉಸಿರಿನಲ್ಲಿ ನಾಗಿಯ ದನಿ ಬಂತು.

"ಅಯ್ಯೋ. ಹಾಕಿಲ್ಲ."

ಹುಟ್ಟಿದಾಗಿನಿಂದ ಉಪ್ಪಿಲ್ಲದೆ ಬೇಯಿಸಿದ ಕೈ. ಆ ಕೈಗೆ ನೆನಪಾಗಿರಲಿಲ್ಲ.

ಜಗಲಿಯಲ್ಲಿ ದಾಮು ಗಟ್ಟಿಯಾಗಿ ಕೆಮ್ಮುತ್ತಿದ್ದ. ನನಗೆ ಕೂಗಲು ಬರುವುದಿಲ್ಲ, ಓಡಲು ಬರುವುದಿಲ್ಲ. ಕೈ ಹಾಕಬೇಡ ಎಂದಿದ್ದರು. ಆದರೆ ಕೈ ಅದಾಗಲೇ ಚೀಲದ ಗಂಟಿನ ಮೇಲಿತ್ತು. ಒಂದು ಹಿಡಿ ಹಾಕೋಣವೆಂದು ಬಗ್ಗಿದೆ. ಗಂಟು ಪೂರ್ತಿ ಬಿಚ್ಚಿಕೊಂಡಿತು. ಉಪ್ಪು ಗಡಿಗೆಗೆ ಧೋ ಎಂದು ಬಿತ್ತು, ಉಳಿದದ್ದು ಬೂದಿಗೆ. ಸೌಟಿನಿಂದ ತಿರುವಿ, ಮುಚ್ಚಳ ಮುಚ್ಚಿ, ಮೂಲೆಯಲ್ಲಿ ಮುದುರಿ ಕುಳಿತೆ.

ಒಳಗೆ ಬಂದ ಸಿಪಾಯಿಗೆ ಕೊಂಕಣಿ ಬರುತ್ತಿರಲಿಲ್ಲ. ಗಡಿಗೆ ತೋರಿಸಿ ಬೆರಳಿನಿಂದಲೇ ಬಡಿಸು ಎಂದ. ದಾಮುವಿಗೂ ಒಂದು ತೆಂಗಿನ ಚಿಪ್ಪು, ಅವನಿಗೂ ಒಂದು ಚಿಪ್ಪು. ಇಬ್ಬರೂ ಒಟ್ಟಿಗೆ ಬಾಯಿಗೆ ಸುರಿದುಕೊಂಡರು.

ಸಿಪಾಯಿಯ ಮುಖದಲ್ಲಿ ಆದದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅವನು ಹೊರಗೆ ಓಡಿ ತುಳಸಿ ಕಿತ್ತ ಖಾಲಿ ಕಟ್ಟೆಯ ಪಕ್ಕ ಉಗಿದ. ದಾಮು ಉಗಿಯಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಕಷ್ಟಪಟ್ಟು ನುಂಗಿದ. ಅವನು ಚಿಕ್ಕಂದಿನಲ್ಲಿ ಈ ಮನೆಯಲ್ಲೇ ಉಂಡು ಬೆಳೆದವನಂತೆ. ಅವನ ದೃಷ್ಟಿ ಕಣಜದ ಕಡೆ ಹೋಯಿತು. ಕಣಜದ ಕೆಳಗೆ ನಾಗಿಯ ಕಾಲಬೆರಳು ಕಾಣುತ್ತಿತ್ತು, ಉಂಗುರ ಸಮೇತ. ಅವನು ನೋಡಿದ. ನಾನು ಅವನು ನೋಡಿದ್ದನ್ನು ನೋಡಿದೆ.

"ಭಾಗಿ ಅಕ್ಕ" ಎಂದ, ಹಳೆಯ ಹೆಸರನ್ನೇ ಹಿಡಿದು. "ಉಪ್ಪು ಸರಿಯಾಗಿದೆ. ಇಷ್ಟು ಒಳ್ಳೆಯ ಕಿರಿಸ್ತಾವರ ಮನೆ ಸಾಷ್ಟಿಯಲ್ಲೇ ಇಲ್ಲ ಅಂತ ಹೇಳ್ತೇನೆ. ಆದರೆ ನಿನ್ನ ಕೈ ಇನ್ನೂ ಸುಧಾರಿಸಿಲ್ಲ." ಹೊರಗೆ ಹೋಗುತ್ತ, ಯಾರಿಗೂ ಅಲ್ಲವೆಂಬಂತೆ, "ಹೊಳೆಗೆ ಭರತದ ನೀರು ಏರುವ ಹೊತ್ತಿಗೆ ನಾವು ಮೇಲಿನ ಕೇರಿಯಲ್ಲಿ ಇರ್ತೇವೆ. ತೀರದ ಕಡೆ ಯಾರೂ ಇರುವುದಿಲ್ಲ" ಎಂದ.

ನಾಯಿಯ ಬೊಗಳು ದೂರವಾಯಿತು. ಆಮೇಲೆ ಭಾಗಿ ಬೆರಳದ್ದಿ ಗಂಜಿ ನೆಕ್ಕಿದಳು. ನೆಕ್ಕಿದವಳೇ ನೆಲದ ಮೇಲೆ ಕುಸಿದು ನಗಲು ತೊಡಗಿದಳು. ನಾಗಿ ಹೊಟ್ಟೆ ಹಿಡಿದುಕೊಂಡು ಹೊರಬಂದು ತಾನೂ ನೆಕ್ಕಿದಳು. "ಮೂಕಿ, ಸಮುದ್ರವನ್ನೇ ಹೊತ್ತು ತಂದಿದ್ದೆಯಲ್ಲೇ!"

ನಾನು ನಗಲಾರದೆ ಖಾಲಿ ಚೀಲ ನೋಡುತ್ತಿದ್ದೆ. ಮರಿ ಹಾಕಿದ ಆಡು ನೆನಪಾಯಿತು. ಹಗುರವಾದವರು ಬರುವುದೇ ಇಲ್ಲ. ಭಾಗಿ ನನ್ನ ಮುಖ ನೋಡಿ ತಪ್ಪು ತಿಳಿದಳು. "ಅಯ್ಯೋ, ಇವಳ ಬದುಕೇ ಹೋಯ್ತು! ಅಳ್ಬೇಡ ಬಾಯೇ. ಮೊದಲು ಉಣ್ಣು."

ಉಣ್ಣು. ಅದೊಂದೇ ದಾರಿ ಎಂದು ನನಗೆ ಆಗ ಹೊಳೆಯಿತು. ಚೀಲ ಎಷ್ಟು ಭಾರವಿತ್ತೋ ಅಷ್ಟನ್ನು ಉಣ್ಣಬೇಕು. ಅಪರಿಚಿತರ ಎದುರು ಒಂದು ಬಿಸ್ಕತ್ತು ತಿನ್ನಲೂ ನಾಚುವ ನಾನು ಚಿಪ್ಪನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದೆ.

ಅಕ್ಕಿ ಚೆಲ್ಲುವ ಕಾಲವಾಗಿರಲಿಲ್ಲ ಅದು. ಭಾಗಿ ಗಂಜಿಗೆ ಒಂದು ಚೊಂಬು ನೀರು ಹೊಯ್ದಳು. ರುಚಿ ನೋಡಿದಳು. ಇನ್ನೊಂದು ಹೊಯ್ದಳು. "ಹೊಯ್ಯಿ, ಸಮುದ್ರಕ್ಕೆ ಇನ್ನೊಂದು ಹೊಳೆ ಸೇರಲಿ" ಎಂದಳು ನಾಗಿ. ಮತ್ತೊಂದು ಚೊಂಬು, ಮತ್ತೊಂದು ಹೊಳೆ. ಗಡಿಗೆ ತುಂಬಿ ತುಳುಕಿದರೂ ಉಪ್ಪು ಉಪ್ಪೇ. ಮೂವರೂ ಒಲೆಯ ಸುತ್ತ ಕುಳಿತು, ಒಂದೊಂದು ಗುಟುಕಿಗೂ ಮುಖ ಕಿವುಚಿ, ನಕ್ಕು, ಮತ್ತೆ ಕುಡಿದೆವು. ನಾನು ಅವರಿಬ್ಬರಿಗಿಂತ ಹೆಚ್ಚು ಉಂಡೆ. ಭಾಗಿ ಬೆರಗಾಗಿ ಬಡಿಸುತ್ತಲೇ ಹೋದಳು.

ನಗು ತಾನಾಗಿ ನಿಂತಿತು. ಭಾಗಿ ಮೆಲ್ಲಗೆ ಅಂದಳು, "ಆಚೆ ದಡದಲ್ಲಿ ಹೇಳಬೇಡ, ನನ್ನ ಒಲೆಯಲ್ಲಿ, ನನ್ನ ಜೊತೆ ಕೂತು ಉಂಡೆ ಅಂತ. ನಿನ್ನನ್ನು ಸೇರಿಸಿಕೊಳ್ಳುವುದಿಲ್ಲ ಅವರು."

"ಹೇಳುವುದಿಲ್ಲ ಅಕ್ಕ" ಎಂದಳು ನಾಗಿ. "ಹೇಳದೆಯೂ ನೆನಪಿಟ್ಟುಕೊಳ್ಳಬಹುದಲ್ಲ."

ಭರತ ಏರುವ ಹೊತ್ತಿಗೆ ಹೊರಟೆವು. ಭಾಗಿ ಗದ್ದೆಯ ಅಂಚಿನವರೆಗೆ ಬಂದಳು, ಅದರಾಚೆ ಬರುವಂತಿರಲಿಲ್ಲ. ಅವಲಕ್ಕಿಯ ಗಂಟನ್ನು ನಾಗಿಯ ಸೊಂಟಕ್ಕೆ ಕಟ್ಟಿದಳು, ಬಿಚ್ಚಿ ಮತ್ತೆ ಕಟ್ಟಿದಳು. "ನೀನು ದಾಟಿದೆ ಅಂತ ನನಗೆ ಯಾರು ಬಂದು ಹೇಳ್ತಾರೆ?" ಎಂದಳು. ನಾಗಿ ಅವಳ ಕೈಯನ್ನು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ಆಗ ಭಾಗಿ ನನ್ನ ಕಡೆ ತಿರುಗಿದಳು, ಮೂಕಿಯನ್ನು ಕೇಳಿ ಏನು ಪ್ರಯೋಜನ ಎಂಬಂತೆ ತಲೆ ಸವರಿದಳು. ನಾನು ಹೇಳ್ತೇನೆ ಎಂಬ ಮಾತು ಗಂಟಲಿನವರೆಗೆ ಬಂದಿತ್ತು.

ಉಪ್ಪುನೀರಿನಲ್ಲಿ ಬೇರೂರಿದ ಕಾಂಡ್ಲಾ ಗಿಡಗಳ ನಡುವೆ ಸಣ್ಣ ದೋಣಿ ಕಾಯುತ್ತಿತ್ತು. ಅಂಬಿಗ ನಾಗಿಯ ಕೈ ಹಿಡಿದು ಹತ್ತಿಸಿಕೊಂಡ. ಹುಟ್ಟು ನೀರಿಗೆ ಬೀಳುವ ಮೊದಲೇ ನನ್ನ ಮುಡಿಯೊಳಗಿನ ಧ್ವನಿಯಂತ್ರ ಬಿಸಿಯಾಯಿತು, ಹಿಂದಕ್ಕೆ ಎಳೆಯುವ ಹೊತ್ತಾಯಿತೆಂಬ ಸೂಚನೆ. ಗಿಡಗಳ ಹಿಂದೆ ಓಡಿದೆ. ಹೊಟ್ಟೆ ನೀರಿನ ಕೊಡದ ಹಾಗೆ ತುಂಬಿತ್ತು.

*

"ಎಲ್ಲಿದ್ದೆಯೇ ಇಷ್ಟು ಹೊತ್ತು!" ಶಾಂತೇರಿ ಅಕ್ಕ ನನ್ನನ್ನು ತೂಕದ ಕಟ್ಟೆಯಿಂದ ಅಪ್ಪಿಕೊಂಡೇ ಇಳಿಸಿದರು. ಉಪ್ಪಿಗಿಂತ ಹೆಚ್ಚೇ ಉಂಡಿದ್ದೆ. ಸಂಜೆ ಬರಬೇಕಾದವಳು ಮರುದಿನ ಬೆಳಿಗ್ಗೆ ಬಂದಿದ್ದೆ. ಅವರು ಅಲ್ಲಿಂದ ಕದಲಿರಲಿಲ್ಲ.

"ನೀರು" ಎಂದೆ.

"ಲಾಲಿ ಸಿಕ್ಕಿತಾ?"

ತಲೆಯಾಡಿಸಿದೆ, ಇಲ್ಲ. ಧ್ವನಿಯಂತ್ರದಲ್ಲಿ ಇದ್ದದ್ದು ಮೂವರು ಹೆಂಗಸರ ನಗು ಮಾತ್ರ. ಗಂಟು ಬಿಚ್ಚಿ ಉಪ್ಪು ಚೆಲ್ಲಿತು ಎಂದಷ್ಟೇ ಹೇಳಿದೆ. ಗಡಿಗೆಗೆ ಎಂದು ಹೇಳಲಿಲ್ಲ. ಕೈ ಹಾಕಿದ್ದು ತಿಳಿದರೆ ಕೇಂದ್ರಕ್ಕೇ ಬೀಗ ಬೀಳುತ್ತಿತ್ತು. ಅವರು ಹೆಚ್ಚು ಕೇಳಲಿಲ್ಲ. ಗಂಟು ಕಟ್ಟಿದವರು ತಾವು ಎಂಬ ಸಂಕಟವೇ ಅವರಿಗೆ ಸಾಕಾಗಿತ್ತು.

"ನಾಗಿ ದಾಟಿದಳಾ?"

"ಗೊತ್ತಿಲ್ಲ."

ಆ ಗೊತ್ತಿಲ್ಲ ಎನ್ನುವುದು ನನ್ನ ಜೊತೆ ಮನೆಗೆ ಬಂತು. ಊಟಕ್ಕೆ ಕುಳಿತರೆ ಎದುರಿಗೆ ಕೂರುತ್ತಿತ್ತು. ಹೊಳೆಯಲ್ಲಿ ಪರಂಗಿಯ ದೊಡ್ಡ ದೋಣಿಗಳು ತಿರುಗುತ್ತಿದ್ದವು. ಬಸುರಿ ಹೆಂಗಸು, ಸಣ್ಣ ದೋಣಿ. ಹಳೆಯ ಕಾಗದಗಳನ್ನೆಲ್ಲ ಹುಡುಕಿದೆ. ಸೊಸೆಯರ ಹೆಸರು ಯಾರು ಬರೆಯುತ್ತಾರೆ?

"ಯಾಕೆ ಬಾಯೇ, ಅನ್ನ ಆರಿಹೋಯ್ತು" ಎನ್ನುತ್ತಿದ್ದಳು ಅಜ್ಜಿ.

ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಶಾಂತೇರಿ ಅಕ್ಕ ಮನೆಗೆ ಕರೆದರು. ಅವರು ಆ ಮನೆಗೆ ಸೊಸೆಯಾಗಿ ಹೋಗಿ ಎರಡೇ ವರ್ಷ. ಅವರ ಮೈದುನನ ಹೆಂಡತಿ ಮಂದಾಕಿನಿ ಬಾಣಂತನಕ್ಕೆ ಭಟ್ಕಳದ ತವರಿಗೆ ಹೊರಟಿದ್ದಳು. "ಅತ್ತೆಯದ್ದು ಎಂಥದೋ ಶಾಸ್ತ್ರ ಉಂಟಂತೆ. ಹೊರಗಿನವಳು ಒಬ್ಬಳು ಬೇಕಂತೆ. ಬಂದುಬಿಡು ಮಾರಾಯ್ತಿ, ಮೀನಿನವಳನ್ನು ಕೂರಿಸೋಣ ಅಂದರೆ ಅವಳು ಇವತ್ತು ಬರಲಿಲ್ಲ."

ಅಡುಗೆಮನೆಯ ನೆಲದಲ್ಲಿ ಮೂರು ಚಿಪ್ಪುಗಳಿದ್ದವು, ತೆಂಗಿನ ಚಿಪ್ಪುಗಳು. ಅತ್ತೆ ಒಲೆಯಿಂದ ಗಂಜಿ ಇಳಿಸಿದರು. ಡಬ್ಬಿ ತೆಗೆದು, ಅಳತೆ ನೋಡದೆ, ಹಿಡಿ ಹಿಡಿ ಕಲ್ಲುಪ್ಪು ಸುರಿದರು.

"ಅಯ್ಯೋ ಅತ್ತೆ, ಇದನ್ನು ಯಾರು ಕುಡೀತಾರೆ!" ಎಂದಳು ಮಂದಾಕಿನಿ.

"ನೀನೇ. ನಿನ್ನ ಜೊತೆ ವಾರಗಿತ್ತಿ ಶಾಂತೇರಿ. ನಾನೂ ಕುಡಿದೆ, ನನ್ನ ಅತ್ತೆಯೂ ಕುಡಿದಿದ್ದಳು. ಬಸುರಿ ಈ ಮನೆಯ ಹೊಸಿಲು ದಾಟುವ ಮೊದಲು ಕುಡೀಬೇಕು."

"ಯಾಕೆ?"

"ಯಾಕೆ ಅಂತ ಯಾರಿಗೆ ಗೊತ್ತು? ಮುಖ ಕಿವುಚಿ ನಗಬೇಕು, ಅಷ್ಟು ಗೊತ್ತು. ಮೂರನೇ ಚಿಪ್ಪು ಹೊರಗಿನವಳಿಗೆ. ಕೂತ್ಕೋ ಮಗಾ. ಎಷ್ಟು ಉಂಡರೂ ಅವಳಿಗೆ ಬಡಿಸ್ತಾ ಇರಬೇಕು. ಒಂದೇ ಕಟ್ಟುನಿಟ್ಟು, ಅವಳು ಮಾತಾಡಬಾರದು."

"ಅದು ಇವಳಿಗೆ ಹೇಳುವುದೇ ಬೇಡ" ಎಂದು ಶಾಂತೇರಿ ಅಕ್ಕ ನಕ್ಕರು.

ಅತ್ತೆ ಗಂಜಿಗೆ ಒಂದು ಚೊಂಬು ನೀರು ಹೊಯ್ದರು. "ಸಮುದ್ರಕ್ಕೆ ಇನ್ನೊಂದು ಹೊಳೆ ಸೇರಲಿ" ಎಂದರು, ಮಂತ್ರ ಹೇಳುವವರಂತೆ, ಅರ್ಥದ ಕಡೆ ಗಮನವಿಲ್ಲದೆ.

ನಾನು ಚಿಪ್ಪನ್ನು ನೆಲಕ್ಕಿಟ್ಟೆ.

"ದಾಟಿದಳು" ಎಂದೆ.

"ಏಯ್, ಹೊರಗಿನವಳು ಮಾತಾಡಬಾರದು ಅಂದೆನಲ್ಲ!"

"ಶಾಂತೇರಿ ಅಕ್ಕ, ನಾಗಿ ದಾಟಿದಳು. ಚೆಲ್ಲಿದ್ದು ಗಡಿಗೆಗೆ ಅಕ್ಕ. ಉಪ್ಪು ಗಡಿಗೆಗೇ ಚೆಲ್ಲಿದ್ದು. ನಾವು ಮೂವರು ಕೂತು ಕುಡಿದೆವು. ಅವಳು ದಾಟಿದಳು. ಮಗುವೂ." ನನ್ನ ದನಿ ಅಷ್ಟು ದೊಡ್ಡದಾಗಿ ನನಗೇ ಎಂದೂ ಕೇಳಿರಲಿಲ್ಲ. ಮಂದಾಕಿನಿ ಗಾಬರಿಯಿಂದ ನೋಡುತ್ತಿದ್ದಳು. ಶಾಂತೇರಿ ಅಕ್ಕ ನನ್ನನ್ನು, ಗಡಿಗೆಯನ್ನು, ಮೂರು ಚಿಪ್ಪುಗಳನ್ನು ನೋಡಿದರು. ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಕಣ್ಣೊರೆಸಿಕೊಂಡು ತಮ್ಮ ಚಿಪ್ಪನ್ನು ಮುಂದೆ ಚಾಚಿ, "ಬಡಿಸಿ ಅತ್ತೆ, ತುಂಬಾ ಬಡಿಸಿ" ಎಂದರು.

ಮನೆಗೆ ಬಂದಾಗ ಸಂಜೆಯ ಗಂಟೆ ಬಾರಿಸುತ್ತಿತ್ತು. ಅಜ್ಜಿ ಒಲೆಯ ಮುಂದೆ ಇದ್ದಳು. ಕುದಿಯುವ ಅನ್ನಕ್ಕೆ ಚಿಟಿಕೆ ಉಪ್ಪು ಹಾಕುತ್ತಿದ್ದಳು. ಭಾಗಿ ನನಗೆ ಏನಾಗಬೇಕೋ ನನಗೆ ತಿಳಿಯದು, ಏನೂ ಆಗಬೇಕಿಲ್ಲದಿರಬಹುದು. ಆದರೆ ಅವಳಿಗೆ ಮುಟ್ಟಬೇಕಿದ್ದ ಸುದ್ದಿಯನ್ನು ಹೇಳಿಕೊಳ್ಳಲು ಬೇರೆ ಯಾರಿದ್ದರು? ಹತ್ತಿರ ಹೋಗಿ ಅಜ್ಜಿಯ ಕಿವಿಯಲ್ಲಿ, ಸ್ಪಷ್ಟವಾಗಿ ಹೇಳಿದೆ.

"ಅಜ್ಜಿ, ನಿನ್ನ ವಾರಗಿತ್ತಿ ದಾಟಿದಳಂತೆ. ಕ್ಷೇಮವಾಗಿ ಆಚೆ ದಡ ಸೇರಿದಳಂತೆ."

ಯಾವ ವಾರಗಿತ್ತಿ, ಎಲ್ಲಿಯ ದಡ ಎಂದು ಅವಳು ಕೇಳಲಿಲ್ಲ. ಕೈಯಲ್ಲಿದ್ದ ಉಪ್ಪನ್ನು ಗಡಿಗೆಗೆ ಉದುರಿಸಿ, ಮುಚ್ಚಳ ಮುಚ್ಚಿದಳು.

"ಒಳ್ಳೆಯದಾಯ್ತು ಬಾಯೇ" ಎಂದಳು. "ಊಟ ಮಾಡಿದಳಂತಾ?"